ಮರೆವಿನ ಕಾಯಿಲೆಗೆ ಅರಿಶಿನದ ಕ್ಯಾಪ್ಸೂಲ್: ವೈದ್ಯರಿಗೆ ಗೊತ್ತಿರಲಿ

ಮಾನ್ಯ ಸಂಪಾದಕರೇ,

ಅಲ್ಝೈಮರ್ ರೋಗಿಗಳ ಮಿದುಳಿನ ಉರಿಯೂತವನ್ನು ತಗ್ಗಿಸುತ್ತವೆ ಎಂಬ ಭರವಸೆಯ ಮೇಲೆ ಅರಿಶಿನದ ಸಾರದ ಕ್ಯಾಪ್ಸೂಲ್‌ಗಳು ಧಾರಾಳವಾಗಿ ಬಿಕರಿಯಾಗುತ್ತಿವೆ. ಅವುಗಳನ್ನು ಮಾರುವ ಔಷಧಿ ಅಂಗಡಿಯವನಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ಉರಿಯೂತದ ಮಾತು ಪೊಳ್ಳಲ್ಲ. ಈ ಕಾಯಿಲೆಯಲ್ಲಿ ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ ಕೆರಳಿದ ಸ್ಥಿತಿಯಲ್ಲೇ ಉಳಿದು ಸುತ್ತಲಿನ ನರಕೋಶಗಳಿಗೆ ಹಾನಿ ಮಾಡುತ್ತವೆ ಎಂಬುದಕ್ಕೆ ಆಧಾರಗಳಿವೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಪ್ರಯೋಗಾಲಯದ ಇಲಿಗಳಲ್ಲಿ ಇದನ್ನು ಇಳಿಸಿದ್ದೂ ನಿಜ. ರೋಗಿಗಳಲ್ಲಿ ಮಾತ್ರ ಆ ಫಲ ಕಂಡಿಲ್ಲ. ಅಮೆರಿಕದಲ್ಲಿ ಅಲ್ಝೈಮರ್ ಇದ್ದ 36 ಮಂದಿಯ ಮೇಲೆ 24 ವಾರ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 2 ಗ್ರಾಂ ಅಥವಾ 4 ಗ್ರಾಂ ಕರ್ಕ್ಯುಮಿನ್ ಸೇವಿಸಿದವರಿಗೂ ಹುಸಿಮಾತ್ರೆ ನುಂಗಿದವರಿಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಶೇ 3ರ ಆಸುಪಾಸಿನಲ್ಲಿ. ಅಂದರೆ 2 ಗ್ರಾಂ ಬೇಕಿದ್ದರೆ 60 ಗ್ರಾಂಗೂ ಹೆಚ್ಚು ಪುಡಿ ತಿನ್ನಬೇಕು. ‘ನಮ್ಮಜ್ಜಿ ಸಾರಿಗೆ ಹಾಕುತ್ತಿದ್ದದ್ದೇ ತಾನೇ’ ಎನ್ನುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು. ಮಾರಾಟಗಾರರು ತೋರಿಸುವ 2018ರ ಅಧ್ಯಯನದಲ್ಲಿ ನೆನಪಿನ ಶಕ್ತಿ ಸುಧಾರಿಸಿದ್ದು ಹೌದು, ಆದರೆ ಅದರಲ್ಲಿದ್ದ 40 ಮಂದಿಯಲ್ಲಿ ಯಾರಿಗೂ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇರಲಿಲ್ಲ. ನೆನಪಿಗೆ ಒಳ್ಳೆಯದೆಂದು ಇದೇ ರೀತಿ ಮಾರಾಟವಾಗುವ ಗಿಂಕೋ ಎಂಬ ಮರದ ಎಲೆಯ ಸಾರವನ್ನು ಮೂರು ಸಾವಿರಕ್ಕೂ ಹೆಚ್ಚು ವೃದ್ಧರಿಗೆ ವರ್ಷಗಟ್ಟಲೆ ಕೊಟ್ಟ ಅಧ್ಯಯನವೂ 2008ರಲ್ಲಿ ನಿರಾಸೆಯನ್ನೇ ವರದಿ ಮಾಡಿತು.

ಫಲವಿಲ್ಲದಿದ್ದರೆ ಹೋಗಲಿ, ತೊಂದರೆಯಂತೂ ಇಲ್ಲವಲ್ಲ ಎಂಬ ನಂಬಿಕೆಯೇ ನನಗೆ ಹೆಚ್ಚು ಆತಂಕ ತರುತ್ತದೆ. ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಕಾಳುಮೆಣಸಿನ ಪೈಪರಿನ್ ಬೆರೆಸಿದರೆ ಅದು ಮನುಷ್ಯರಲ್ಲಿ ಹಲವು ಪಟ್ಟು ಹೆಚ್ಚುತ್ತದೆ ಎಂದು 1998ರಲ್ಲಿ ತೋರಿಸಿಕೊಟ್ಟವರು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೇ. ಅಂದಿನಿಂದ ಬಹಳಷ್ಟು ಕ್ಯಾಪ್ಸೂಲ್‌ಗಳಿಗೆ ಮೆಣಸಿನ ಸಾರ ಸೇರಿಕೊಂಡಿದೆ. ಆದರೆ ಪೈಪರಿನ್ ಕೆಲಸ ಮಾಡುವುದು ಔಷಧಗಳನ್ನು ಒಡೆದು ಹೊರಹಾಕುವ ದೇಹದ ವ್ಯವಸ್ಥೆಯನ್ನೇ ತಡೆಯುವ ಮೂಲಕ. ಹೀಗಾಗಿ ಅದು ಕರ್ಕ್ಯುಮಿನ್ ಒಂದನ್ನೇ ಆರಿಸಿ ಉಳಿಸಿಕೊಳ್ಳುವುದಿಲ್ಲ, ಮೂರ್ಛೆರೋಗದ ಫೆನಿಟಾಯಿನ್, ರಕ್ತದೊತ್ತಡದ ಪ್ರೊಪ್ರನೊಲಾಲ್‌ನಂಥವುಗಳ ಮಟ್ಟವನ್ನೂ ಏರಿಸಬಲ್ಲದು.

ಈಚೆಗೆ ಒಬ್ಬ ಹೆಣ್ಣುಮಗಳು ತಮ್ಮ ಮಾವನವರ ಮಾತ್ರೆಗಳನ್ನು ಕೌಂಟರಿನ ಮೇಲೆ ಸುರಿದಾಗ ಅಲ್ಝೈಮರ್‌ಗೆ ಕೊಡುವ ಡೊನೆಪೆಜಿಲ್, ಫೆನಿಟಾಯಿನ್, ಆಸ್ಪಿರಿನ್‌ಗಳ ನಡುವೆ ಇಂಥದೊಂದು ಡಬ್ಬಿಯೂ ಇತ್ತು. ಮೆಣಸಿನ ಸಾರದ ವಿಷಯ ಅದರ ಹಿಂಬದಿಯಲ್ಲಿ, ಕನ್ನಡಕ ಹಾಕಿಕೊಂಡರೂ ಓದಲಾಗದಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿತ್ತು. ವೈದ್ಯರಿಗೆ ಹೇಳಿದ್ದೀರಾ ಎಂದು ಕೇಳಿದರೆ, ‘ಇದು ಔಷಧಿ ಅಲ್ವಲ್ಲ ಸಾರ್’ ಎಂದರು. ಅಂಥ ಪೂರಕಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಇಟಲಿ ಮತ್ತು ಅಮೆರಿಕದಲ್ಲಿ ದಾಖಲಾಗಿವೆ. ವಿರಳವೇ ಇರಬಹುದು, ಆದರೆ ಕಣ್ಣು ಹಳದಿಯಾಗುತ್ತಿದೆ, ಹಸಿವಿಲ್ಲ ಎಂದು ಹೇಳಿಕೊಳ್ಳುವ ಶಕ್ತಿ ಅಲ್ಝೈಮರ್ ರೋಗಿಗೆ ಎಷ್ಟು ಉಳಿದಿರುತ್ತದೆ?

ಆಹಾರ ಪೂರಕಗಳ ಮೇಲೆ ‘ಔಷಧವಾಗಿ ಬಳಸುವಂತಿಲ್ಲ’ ಎಂದು ಮುದ್ರಿಸಬೇಕೆಂಬ ನಿಯಮ 2016ರಿಂದಲೂ ಇದೆ. ಮಿದುಳು ಮತ್ತು ನರಮಂಡಲದ ಕಾಯಿಲೆಗಳನ್ನು ಗುಣಪಡಿಸುತ್ತೇವೆಂದು ಔಷಧಗಳ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಆ ಎಚ್ಚರಿಕೆಯನ್ನೂ ಮೆಣಸಿನ ಸಾರದ ಪ್ರಮಾಣವನ್ನೂ ಡಬ್ಬಿಯ ಮುಂಬದಿಯಲ್ಲೇ ದಪ್ಪ ಕನ್ನಡ ಅಕ್ಷರಗಳಲ್ಲಿ ಮುದ್ರಿಸುವಂತೆ ಮಾಡಲು ಸಂಬಂಧಪಟ್ಟ ಇಲಾಖೆಗಳು ಮುಂದಾಗಬೇಕು. ಅಲ್ಲಿಯವರೆಗೆ, ರೋಗಿಯನ್ನು ನರರೋಗ ತಜ್ಞರ ಬಳಿಗೆ ಕರೆದೊಯ್ಯುವವರು ಚೀಟಿಯ ಜೊತೆಗೆ ಇಂಥ ಡಬ್ಬಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಬೇಕೆಂದು ವಿನಂತಿಸುತ್ತೇನೆ.

— ಒಬ್ಬ ಫಾರ್ಮಸಿಸ್ಟ್, ಸಾಗರ