ಒಂದೇ ಹಂಡೆಗೆ ಬೀಳದ ದುಡ್ಡು: ಮೇಷ್ಟ್ರಿಗೊಂದು ಪತ್ರ

ಲೋ ಮೇಷ್ಟ್ರೇ,

ನಿನ್ನ ವಾಯ್ಸ್ ಮೆಸೇಜು ಕೇಳಿದೆ. ನಾಲ್ಕು ನಿಮಿಷದಲ್ಲಿ ಮೂರು ನಿಮಿಷ ಬರೀ ಬೈಗುಳ, ಕೊನೆಯಲ್ಲಿ ಒಂದು ಪ್ರಶ್ನೆ: "ಅಮೆರಿಕದಲ್ಲಿ ಕೂತು ಬಡ ಶಾಲೆಗಳ ದುಡ್ಡಿನ ಲೆಕ್ಕ ನೋಡ್ತೀನಿ ಅಂತೀಯಲ್ಲ, ಅದೇನು ಅಂತ ಸರಿಯಾಗಿ ಹೇಳು." ಹೇಳ್ತೀನಿ. ಎಲ್ಲರ ಮುಂದೆಯೇ ಹೇಳ್ತೀನಿ, ಆಮೇಲೆ ನೀನು ಕೇಳಿಸಿಕೊಂಡಿಲ್ಲ ಅನ್ನುವ ಹಾಗಿಲ್ಲ. (ಉಳಿದವರ ಗಮನಕ್ಕೆ: ಮೇಷ್ಟ್ರ ಒಪ್ಪಿಗೆ ಪಡೆದೇ ಇದನ್ನು ಹಾಕಿದ್ದೇನೆ.)

ಇಲ್ಲಿ ಶಾಲೆ ನಡೆಯುವುದು ಬಹುಪಾಲು ರಾಜ್ಯದ ದುಡ್ಡಿನಲ್ಲಿ ಮತ್ತು ಆಯಾ ಊರಿನ ಮನೆ, ಜಮೀನಿನ ಕಂದಾಯದಲ್ಲಿ. ಊರು ಬಡವಾದರೆ ಶಾಲೆಯೂ ಬಡವು. ಅಂಥ ಕಡೆಗೆ ಕೇಂದ್ರ ಸರ್ಕಾರ ಮೇಲಿಂದ ಹಾಕುವ ದುಡ್ಡಿಗೆ ಟೈಟಲ್ ಒನ್ ಎನ್ನುತ್ತಾರೆ. 1965ರ ಏಪ್ರಿಲ್ 11ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಟೆಕ್ಸಾಸ್‌ನಲ್ಲಿ ತಾನು ಅಕ್ಷರ ಕಲಿತ ಹಳೇ ಶಾಲೆಯ ಮುಂದೆ, ತನ್ನ ಮೊದಲ ಟೀಚರಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಹಿ ಹಾಕಿದ ಶಿಕ್ಷಣ ಕಾಯ್ದೆಯ ಮೊದಲ ಭಾಗ ಅದು. ಈಗ ವರ್ಷಕ್ಕೆ 1,800 ಕೋಟಿ ಡಾಲರ್‌ಗೂ ಹೆಚ್ಚು.

ಈ ದುಡ್ಡನ್ನು ಶಾಲೆ ಎರಡು ರೀತಿಯಲ್ಲಿ ಬಳಸಬಹುದು. ಒಂದು ಟಾರ್ಗೆಟೆಡ್: ಓದಿನಲ್ಲಿ ಹಿಂದುಳಿದ ಮಕ್ಕಳ ಪಟ್ಟಿ ಮಾಡು, ಸೇವೆ ಆ ಪಟ್ಟಿಯಲ್ಲಿರುವವರಿಗೆ ಮಾತ್ರ. ಇನ್ನೊಂದು ಸ್ಕೂಲ್‌ವೈಡ್: ಮಕ್ಕಳಲ್ಲಿ ಶೇ. 40ರಷ್ಟಾದರೂ ಬಡ ಕುಟುಂಬದವರಾಗಿದ್ದರೆ ಪಟ್ಟಿಯೇ ಬೇಡ, ಇಡೀ ಶಾಲೆಯನ್ನು ಎತ್ತಲು ಬಳಸು. 1978ರಲ್ಲಿ ಈ ಬಾಗಿಲು ತೆರೆದಾಗ ಹೊಸ್ತಿಲು ಶೇ. 75 ಇತ್ತು. 1994ರ ತಿದ್ದುಪಡಿ ಅದನ್ನು 50ಕ್ಕೆ ಇಳಿಸಿತು, 2002ರ ಕಾಯ್ದೆ 40ಕ್ಕೆ. 2015ರ ಡಿಸೆಂಬರ್‌ನಲ್ಲಿ ಬಂದ ಕಾಯ್ದೆಯ ಪ್ರಕಾರ, ರಾಜ್ಯ ಒಪ್ಪಿದರೆ 40ಕ್ಕಿಂತ ಕೆಳಗಿದ್ದರೂ ಆದೀತು.

ಬಡತನ ಅಳೆಯುವಲ್ಲೇ ಒಂದು ಎಡವಟ್ಟು ಇದೆ. ಹಿಂದೆ ಮಧ್ಯಾಹ್ನದ ಊಟಕ್ಕೆ ಪೋಷಕರು ತುಂಬುತ್ತಿದ್ದ ಅರ್ಜಿಯೇ ಅಳತೆಗೋಲು. ಎಲ್ಲ ಮಕ್ಕಳಿಗೂ ಪುಕ್ಕಟೆ ಊಟ ಕೊಡುವ ಶಾಲೆಗಳಲ್ಲಿ ಈಗ ಆ ಅರ್ಜಿ ಇಲ್ಲ. ಸರ್ಕಾರದ ಆಹಾರ ನೆರವು ಪಡೆಯುವ ಕುಟುಂಬಗಳ ಮಕ್ಕಳಂಥವರನ್ನು ದಾಖಲೆಯಿಂದ ನೇರವಾಗಿ ಎಣಿಸಿ 1.6ರಿಂದ ಗುಣಿಸುತ್ತಾರೆ. 500 ಮಕ್ಕಳಲ್ಲಿ ಅಂಥವರು 200 ಇದ್ದರೆ ಶೇ. 40, ಗುಣಿಸಿದರೆ 64. ಒಂದು ಶಾಲೆಗೆ ಗುಣಿಸಿ ಪಕ್ಕದ ಶಾಲೆಗೆ ಮರೆತರೆ ಇಡೀ ಡಿಸ್ಟ್ರಿಕ್ಟಿನಲ್ಲಿ (ನಮ್ಮ ಜಿಲ್ಲೆಯಲ್ಲ, ಒಂದು ಪ್ರದೇಶದ ಶಾಲೆಗಳನ್ನು ನಡೆಸುವ ಆಡಳಿತ ಘಟಕ) ದುಡ್ಡು ಹಂಚುವ ಸರತಿಯೇ ಅಡಿಮೇಲಾಗುತ್ತದೆ. ಶೇ. 75 ದಾಟಿದ ಶಾಲೆಗಳಿಗೆ ಮೊದಲು ಬಡಿಸಬೇಕೆಂಬ ನಿಯಮ ಇರುವುದರಿಂದ ಇದು ಸಣ್ಣ ತಪ್ಪಲ್ಲ.

ಈಗ ನಿನಗೆ ರುಚಿಸುವ ಭಾಗ. ಸ್ಕೂಲ್‌ವೈಡ್ ಶಾಲೆ ಟೈಟಲ್ ಒನ್ ದುಡ್ಡನ್ನಷ್ಟೇ ಅಲ್ಲ, ಶಿಕ್ಷಕರ ತರಬೇತಿಯ ಟೈಟಲ್ ಟೂ, ಅಂಗವಿಕಲ ಮಕ್ಕಳ ಶಿಕ್ಷಣದ ದುಡ್ಡು, ರಾಜ್ಯದ್ದು, ಊರಿನದು ಎಲ್ಲವನ್ನೂ ಒಂದೇ ಹಂಡೆಗೆ ಸುರಿಯಬಹುದು. ಸುರಿದ ಮೇಲೆ ಯಾವ ಡಾಲರ್ ಯಾವ ಯೋಜನೆಯದು ಎಂದು ಶಾಲೆಯಲ್ಲಿ ಬೇರೆ ಬೇರೆ ಲೆಕ್ಕ ಇಡಬೇಕಾಗಿಲ್ಲ. ಆಯಾ ಯೋಜನೆಯ ಉದ್ದೇಶ ಈಡೇರಿದರೆ ಸಾಕು, ಅದರ ಬಹುಪಾಲು ಷರತ್ತುಗಳಿಂದ ಬಿಡುಗಡೆ. ಸಿದ್ಧಗಂಗೆಯ ದಾಸೋಹದಲ್ಲಿ ಎಲೆ ಮುಂದೆ ಕೂತವನು "ಈ ಅನ್ನ ಯಾರ ಮನೆ ಅಕ್ಕಿಯದು" ಅಂತ ಕೇಳುತ್ತಾನೇನು?

ಕೇಳುತ್ತಾನೆ. ಅವನ ಹೆಸರು ಆಡಿಟರ್. ಅವನಿಗೂ ಉತ್ತರ ಇದೆ: ಪ್ರತಿ ಸೌಟಿನಲ್ಲೂ ಪ್ರತಿ ಮನೆಯ ಅಕ್ಕಿ, ತಂದ ಪ್ರಮಾಣದಲ್ಲೇ. ಹಂಡೆಯಲ್ಲಿ ಒಟ್ಟು 50 ಲಕ್ಷ ಡಾಲರ್ ಇದೆ ಅಂದುಕೋ. ರಾಜ್ಯ ಮತ್ತು ಊರಿನದು 42.5 ಲಕ್ಷ, ಟೈಟಲ್ ಒನ್ 5 ಲಕ್ಷ, ಟೈಟಲ್ ಟೂ 1 ಲಕ್ಷ, ಅಂಗವಿಕಲ ಮಕ್ಕಳ ದುಡ್ಡು 1.5 ಲಕ್ಷ. ಅಂದರೆ ಶೇ. 85, 10, 2, 3. ಈ ತಿಂಗಳ ಖರ್ಚು 4 ಲಕ್ಷವಾದರೆ ಟೈಟಲ್ ಒನ್‌ಗೆ 40,000, ಟೈಟಲ್ ಟೂಗೆ 8,000, ಅಂಗವಿಕಲರ ದುಡ್ಡಿಗೆ 12,000, ಉಳಿದ 3,40,000 ರಾಜ್ಯ ಮತ್ತು ಊರಿನ ಖಾತೆಗೆ. ಖರ್ಚು ಸೀಮೆಸುಣ್ಣದ್ದೋ ಸಂಬಳದ್ದೋ ಕೇಳುವಂತಿಲ್ಲ. ಎಲ್ಲರೂ ಒಂದೇ ಹಂಡೆಯ ಕೆಲಸದವರಾದ್ದರಿಂದ ಯಾವ ಟೀಚರ್ ಎಷ್ಟು ಗಂಟೆ ಯಾವ ಯೋಜನೆಗೆ ದುಡಿದರು ಎಂದು ಪಾಲು ಹಾಕಿ ಬರೆಯುವ ರಗಳೆಯೂ ತಪ್ಪುತ್ತದೆ.

ಅಂಗವಿಕಲ ಮಕ್ಕಳ ದುಡ್ಡಿಗೆ ಮಾತ್ರ ಒಂದು ಮಿತಿ ಇದೆ. ಡಿಸ್ಟ್ರಿಕ್ಟಿಗೆ ಬಂದದ್ದನ್ನು ಅಲ್ಲಿನ ಅಂಥ ಮಕ್ಕಳ ಸಂಖ್ಯೆಯಿಂದ ಭಾಗಿಸಿ, ಈ ಶಾಲೆಯಲ್ಲಿರುವವರ ಸಂಖ್ಯೆಯಿಂದ ಗುಣಿಸಿ, ಅಷ್ಟನ್ನೇ ಸುರಿಯಬೇಕು. 20 ಲಕ್ಷ, ಸಾವಿರ ಮಕ್ಕಳು, ಈ ಶಾಲೆಯಲ್ಲಿ 75: ಅದೇ 1.5 ಲಕ್ಷ. ಸುರಿದ ಮಾತ್ರಕ್ಕೆ ಆ 75 ಮಕ್ಕಳಿಗೆ ಬರೆದುಕೊಟ್ಟ ಸೇವೆಗಳಲ್ಲಿ ಒಂದೂ ಕಡಿಮೆಯಾಗುವಂತಿಲ್ಲ. ಆರೋಗ್ಯ, ಸುರಕ್ಷತೆ, ನಾಗರಿಕ ಹಕ್ಕು, ಪೋಷಕರ ಪಾಲ್ಗೊಳ್ಳುವಿಕೆ, ಇವುಗಳಿಗೂ ಬಿಡುಗಡೆ ಇಲ್ಲ.

ನಿಮಗೆ 2018ರಲ್ಲಿ ಸಮಗ್ರ ಶಿಕ್ಷಣ ಬಂದಾಗ ಶಾಲಾ ಅನುದಾನ, ನಿರ್ವಹಣಾ ಅನುದಾನ ಎಲ್ಲ ಸೇರಿ ಒಂದೇ ಅನುದಾನವಾಯಿತಲ್ಲ, ಆಗ ನೀನು ಫೋನಿನಲ್ಲಿ ಕುಣಿದಾಡಿದ್ದೆ. ಇಲ್ಲಿ ಅದಕ್ಕಿಂತ ದೊಡ್ಡ ಹಂಡೆ ಕಾನೂನಿನಲ್ಲೇ ಕೂತಿದೆ. ಜಾರ್ಜಿಯಾದಂಥ ಕಡೆ ರಾಜ್ಯದ ಇಲಾಖೆಯೇ ಮುಂದೆ ನಿಂತು ಡಿಸ್ಟ್ರಿಕ್ಟುಗಳಿಗೆ ಕಲಿಸುತ್ತದೆ. ಉಳಿದೆಡೆ ಹಂಡೆಗೆ ಪೂರ್ತಿಯಾಗಿ ಸುರಿಯುವ ಶಾಲೆಗಳು ಬಹಳ ಕಡಿಮೆ.

ಯಾಕೆ? ಮೊದಲನೆಯದು ಲೆಕ್ಕದ ಸಾಫ್ಟ್‌ವೇರು. ಪ್ರತಿ ಮೂಲಕ್ಕೂ ಪ್ರತ್ಯೇಕ ಕೋಡ್ ಕೇಳುವಂತೆ ಕಟ್ಟಿದ್ದಾರೆ. ಹಂಡೆಗೆ ಕೋಡೇ ಇಲ್ಲ. ಎರಡನೆಯದು ಅಭ್ಯಾಸ. ಸ್ಕೂಲ್‌ವೈಡ್ ಎಂದು ಹೆಸರು ಬರೆಸಿಕೊಂಡ ಶಾಲೆಯಲ್ಲೂ ಬೀರುವಿನ ಮೇಲೆ "ಟೈಟಲ್ ಒನ್ ಮಕ್ಕಳಿಗೆ ಮಾತ್ರ" ಎಂಬ ಸ್ಟಿಕ್ಕರು. ವಸ್ತು ಯಾವ ದುಡ್ಡಿನದು ಎಂದು ದಾಸ್ತಾನು ಪುಸ್ತಕದಲ್ಲಿ ಬರೆ, ಬೇಡ ಅನ್ನಲಿಲ್ಲ. ಆದರೆ ಆ ಶಾಲೆಯಲ್ಲಿ "ಟೈಟಲ್ ಒನ್ ಮಗು" ಎಂಬ ಜಾತಿಯೇ ಇಲ್ಲ.

ಮೂರನೆಯದು ಸಪ್ಲಾಂಟಿಂಗ್, ಎಲ್ಲ ಹೆದರಿಕೆಗಳ ಅಮ್ಮ. ಕೇಂದ್ರದ ದುಡ್ಡು ಊರಿನ ದುಡ್ಡಿನ ಮೇಲೆ ಕೂರಬೇಕು, ಅದರ ಜಾಗದಲ್ಲಿ ಅಲ್ಲ ಎಂಬ ತತ್ವ. ಹಿಂದೆ ಪ್ರತಿ ಖರ್ಚಿಗೂ ಮೂರು ಪ್ರಶ್ನೆ ಕೇಳುತ್ತಿದ್ದರು. ಇದು ಕಾನೂನು ಹೇಗೂ ಕಡ್ಡಾಯ ಮಾಡಿದ್ದೇ? ಹೋದ ವರ್ಷ ಬೇರೆ ದುಡ್ಡಿನಲ್ಲಿ ನಡೆಯುತ್ತಿತ್ತೇ? ಟೈಟಲ್ ಒನ್ ಅಲ್ಲದ ಮಕ್ಕಳಿಗೆ ಇದನ್ನೇ ಊರಿನ ದುಡ್ಡಿನಲ್ಲಿ ಕೊಡುತ್ತಿದ್ದೀರೇ? ಒಂದಕ್ಕೆ ಹೌದು ಅಂದರೂ ಸಿಕ್ಕಿಬಿದ್ದಂತೆ. 2015ರ ಕಾಯ್ದೆ ಟೈಟಲ್ ಒನ್ ಮಟ್ಟಿಗೆ ಈ ಖರ್ಚುವಾರು ವಿಚಾರಣೆಯನ್ನೇ ಕೈಬಿಟ್ಟಿತು. ಈಗ ನೋಡುವುದು ಒಂದನ್ನೇ: ರಾಜ್ಯದ ಮತ್ತು ಊರಿನ ದುಡ್ಡು ಹಂಚುವಾಗ ಡಿಸ್ಟ್ರಿಕ್ಟ್ ಟೈಟಲ್ ಒನ್ ಕಡೆಗೆ ಕಣ್ಣು ಮುಚ್ಚಿತ್ತೇ? "20 ಮಕ್ಕಳಿಗೊಬ್ಬ ಟೀಚರ್, ಮಗುವಿಗೆ ಸಾಮಗ್ರಿಗೆಂದು 90 ಡಾಲರ್" ಎಂಬಂಥ ಸೂತ್ರವನ್ನು ಎಲ್ಲ ಶಾಲೆಗೂ ಒಂದೇ ಥರ ಹಚ್ಚಿದ್ದರೆ ಮುಗಿಯಿತು. ಆಮೇಲೆ ಶಾಲೆ ಕೌನ್ಸೆಲರ್ ಇಟ್ಟುಕೊಂಡಿತೋ, ಗೈರುಹಾಜರಿ ಮಕ್ಕಳ ಮನೆಗೆ ಹೋಗಿಬರುವವರನ್ನು ನೇಮಿಸಿತೋ, ಖರ್ಚಿನ ಒಂದೊಂದು ಸಾಲೂ "ಹೆಚ್ಚುವರಿ" ಎಂದು ರುಜುವಾತು ಮಾಡಬೇಕಿಲ್ಲ. ಒಂದು ಎಚ್ಚರಿಕೆ: ಹಂಡೆಗೆ ಬೀಳದೆ ಹೊರಗೇ ಉಳಿದ ಟೈಟಲ್ ಟೂ, ಟೈಟಲ್ ತ್ರೀ (ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳದು) ದುಡ್ಡಿಗೆ ಹಳೇ ಪ್ರಶ್ನೆಗಳು ಇನ್ನೂ ಜೀವಂತ. ಎರಡನ್ನೂ ಬೆರೆಸಿ ಗೊಂದಲ ಮಾಡಿಕೊಳ್ಳುವವರೇ ಹೆಚ್ಚು.

ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ, ಅದನ್ನೂ ಹೇಳಬೇಕು. ಶುರುವಿನ ವರ್ಷಗಳಲ್ಲಿ ದುಡ್ಡಿಗೆ ಕಡಿವಾಣವೇ ಇರಲಿಲ್ಲ. ರೂಬಿ ಮಾರ್ಟಿನ್ ಮತ್ತು ಫಿಲಿಸ್ ಮೆಕ್‌ಕ್ಲೂರ್ 1969ರಲ್ಲಿ ಆಡಿಟ್ ಕಡತಗಳನ್ನು ಜಾಲಾಡಿ ವರದಿ ಬರೆದರು: ಬಡ ಮಕ್ಕಳ ದುಡ್ಡು ಎಲ್ಲರ ಖರ್ಚಿಗೆ ಹರಿದುಹೋಗಿತ್ತು, ಒಂದು ಕಡೆ ಈಜುಕೊಳಗಳನ್ನೂ ಕೊಂಡಿದ್ದರು. ಮರುವರ್ಷವೇ ಕಾಯ್ದೆ ಬಿಗಿಯಾಯಿತು. ಅಂದಿನಿಂದ ನಮ್ಮಂಥವರ ಕನಸಿನಲ್ಲಿ ಈಜುಕೊಳ ಬರುತ್ತಲೇ ಇದೆ.

ಹಾಗಾದರೆ ಸರಿಯಾಗಿ ಮಾಡುವುದು ಹೇಗೆ? ಹೊಸದಾಗಿ ಸ್ಕೂಲ್‌ವೈಡ್ ಆಗುವ ಶಾಲೆಗೆ ಒಂದು ವರ್ಷದ ತಯಾರಿ. ಡಿಸ್ಟ್ರಿಕ್ಟ್ ಒಪ್ಪಿದರೆ ಕಡಿಮೆಯೂ ಆದೀತು. ಮೊದಲು ಅಗತ್ಯಗಳ ಸಮೀಕ್ಷೆ, ಆಮೇಲೆ ಯೋಜನೆ, ವರ್ಷಕ್ಕೊಮ್ಮೆ ಮೌಲ್ಯಮಾಪನ. ತಪ್ಪುವುದು ಇದರ ಕ್ರಮದಲ್ಲಿ. ಶಾಲೆ ಮೊದಲು ಟ್ಯಾಬ್ಲೆಟ್ಟಿಗೆ ಮನಸ್ಸು ಕೊಟ್ಟಿರುತ್ತದೆ, ಆಮೇಲೆ ಅದಕ್ಕೆ ತಕ್ಕ ಅಗತ್ಯ ಹುಡುಕುತ್ತದೆ. ಮೂರನೇ ಕ್ಲಾಸಿನ ಓದು ಕೆಳಗಿದೆ ಎಂದಾಗ ಓದಿನ ಆ್ಯಪ್ ಕೊಳ್ಳುವುದು ಸುಲಭ. ಹಾಜರಿ ಪುಸ್ತಕ ಬಿಚ್ಚಿ, 180 ದಿನದಲ್ಲಿ 18ಕ್ಕಿಂತ ಹೆಚ್ಚು ದಿನ ತಪ್ಪಿಸಿಕೊಂಡವರು ಯಾರು, ಯಾವ ವಾರ, ಯಾವ ಬಸ್ಸಿನ ದಾರಿಯವರು ಎಂದು ನೋಡಿದರೆ ಆ್ಯಪ್‌ಗಿಂತ ಹಾಜರಿಯ ಹಿಂದೆ ಬೀಳುವ ಒಬ್ಬ ಮನುಷ್ಯ ಬೇಕು ಅನ್ನಿಸಬಹುದು. ಅಗತ್ಯ, ಕಾರಣ, ಖರ್ಚು ಮೂರೂ ಯೋಜನೆಯಲ್ಲಿ ಒಂದೇ ದಾರದಲ್ಲಿ ಪೋಣಿಸಿದ್ದರೆ ಆಡಿಟರ್ ಬಾಯಿ ತೆರೆಯುವುದಿಲ್ಲ. ಅರವತ್ತು ಪುಟದ ನಕಲು ಯೋಜನೆಯಲ್ಲಿ ಆ ದಾರವೇ ಸಿಗುವುದಿಲ್ಲ.

ನಿಮ್ಮ ಮಾರ್ಚ್ 31 ಇಲ್ಲಿ ಸೆಪ್ಟೆಂಬರ್ 30. ಜುಲೈ 1ಕ್ಕೆ ಬಂದ ದುಡ್ಡಿಗೆ ಒಟ್ಟು 27 ತಿಂಗಳ ಆಯಸ್ಸಿದೆ, ನಿಜ. ಆದರೆ ಮೊದಲ 15 ತಿಂಗಳ ಕೊನೆಗೆ ಶೇ. 15ಕ್ಕಿಂತ ಹೆಚ್ಚು ಮುಂದಕ್ಕೆ ಒಯ್ಯುವಂತಿಲ್ಲ. 50,000 ಡಾಲರ್‌ಗಿಂತ ಕಡಿಮೆ ಪಡೆಯುವ ಡಿಸ್ಟ್ರಿಕ್ಟಿಗಷ್ಟೇ ಇದು ಅನ್ವಯಿಸುವುದಿಲ್ಲ. ರಾಜ್ಯದಿಂದ ವಿನಾಯಿತಿ ಸಿಗುವುದೂ ಮೂರು ವರ್ಷಕ್ಕೊಮ್ಮೆ. ಹಾಗಾಗಿ ಆಗಸ್ಟ್ ಕೊನೆಯ ವಾರ ಲ್ಯಾಪ್‌ಟಾಪುಗಳ ಮಳೆ. ನೋಡಿದವರು ಹೇಳಿಯಾರು, ಬಡ ಶಾಲೆಗೆ ದುಡ್ಡು ಹೆಚ್ಚಾಗಿದೆ ಅಂತ.

ಇಷ್ಟಕ್ಕೇ ನಿಲ್ಲಿಸಬೇಕಿತ್ತು ಕಣೋ. ಇವೆಲ್ಲ ನಾನು ಸಭೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುವ ಮಾತು. ಆದರೆ ನಾನು ಶಾಲೆಗಳಿಗೆ ಕಳಿಸುವ ಖರೀದಿ ಪರಿಶೀಲನಾ ಪಟ್ಟಿಯಲ್ಲಿ ಆ ಹಳೇ ಮೂರು ಪ್ರಶ್ನೆಗಳ ಕಾಲಂ ಇನ್ನೂ ಇದೆ. ಕಾನೂನು ಬಿಟ್ಟಿದೆ, ನಾನು ಬಿಟ್ಟಿಲ್ಲ. ಗೊತ್ತಿಲ್ಲದೆ ಅಲ್ಲ. "ಬೇಡ" ಅಂದ ಖರ್ಚಿಗೆ ಯಾವ ಆಡಿಟ್‌ನಲ್ಲೂ ಆಕ್ಷೇಪಣೆ ಬರುವುದಿಲ್ಲ, ಅದಕ್ಕೆ. ಕೊಟ್ಟ ದುಡ್ಡು ತಪ್ಪಾದರೆ ಕಡತದಲ್ಲಿ ನನ್ನ ಹೆಸರು. ಕೊಡದೇ ಹೋದ ಕೌನ್ಸೆಲರ್‌ದು ಯಾವ ಕಡತದಲ್ಲೂ ಇಲ್ಲ. ಪ್ರಿನ್ಸಿಪಾಲರುಗಳು ನನ್ನ "ಬೇಡ"ವನ್ನು ಕಾನೂನು ಅಂದುಕೊಂಡಿದ್ದಾರೆ. ಅವರು ಕೇಳುವುದನ್ನೇ ಬಿಟ್ಟಿದ್ದಾರೆ, ಅದು ನನಗೆ ಅನುಕೂಲವಾಗಿದೆ ಎಂಬುದು ಮೊನ್ನೆ ಈ ಪತ್ರದ ಟಿಪ್ಪಣಿ ಮಾಡಿಕೊಳ್ಳುವಾಗ ಹೊಳೆಯಿತು.

ಇನ್ನೊಂದು ಹೆದರಿಕೆಯೂ ಸೇರಿಕೊಂಡಿದೆ. ಅಧ್ಯಕ್ಷರ 2026ರ ಬಜೆಟ್ ಪ್ರಸ್ತಾವದಲ್ಲಿ 18 ಯೋಜನೆಗಳನ್ನು ಸೇರಿಸಿ ಒಂದೇ 200 ಕೋಟಿ ಡಾಲರ್ ಅನುದಾನ ಮಾಡುವ ಮಾತಿತ್ತು. ಬಿಡಿಯಾಗಿ ಸಿಗುತ್ತಿದ್ದುದಕ್ಕೆ ಹೋಲಿಸಿದರೆ ಅರ್ಧಕ್ಕಿಂತ ಬಹಳ ಕಡಿಮೆ. ಅದರಲ್ಲಿ ಟೈಟಲ್ ಒನ್ ಇರಲಿಲ್ಲ, ಆದರೆ ಭಾಷೆ ನನ್ನದೇ: ಸ್ವಾತಂತ್ರ್ಯ, ಸರಳತೆ, ಒಂದೇ ಹಂಡೆ. ಹಂಡೆ ದೊಡ್ಡದು ಮಾಡಿ ಅಕ್ಕಿ ಕಡಿಮೆ ಮಾಡುವವರೂ ನನ್ನ ಭಾಷಣವನ್ನೇ ಮಾಡುತ್ತಾರೆ. ಕೋಡ್ ಹಚ್ಚಿದ ಬಿಡಿ ದುಡ್ಡು ಎಷ್ಟೇ ರಗಳೆಯದ್ದಾದರೂ, ಕಡಿತವಾದಾಗ ಎಲ್ಲಿ ಕಡಿತವಾಯಿತು ಎಂದು ಬೆರಳಿಟ್ಟು ತೋರಿಸಬಹುದಿತ್ತು. ಈ ಯೋಚನೆಯನ್ನು ನಾನು ನಿಜವಾಗಿ ನಂಬುತ್ತೇನೋ, ಅಥವಾ ಕಾಲಂ ಉಳಿಸಿಕೊಳ್ಳಲು ಒಳ್ಳೆ ನೆಪ ಸಿಕ್ಕಿತು ಅಂತ ಹಿಡಿದುಕೊಂಡಿದ್ದೇನೋ, ನೀನೇ ಹೇಳು. ನಿನಗೆ ನನ್ನ ನೆಪಗಳ ಪರಿಚಯ ಹೈಸ್ಕೂಲಿನಿಂದಲೂ ಇದೆ.

ಅಯ್ಯೋ, ಸಾಕು. ಇದನ್ನು ನಮ್ಮ ಆಫೀಸಿನವರು ಅನುವಾದಕ್ಕೆ ಹಾಕಿ ಓದಿದರೆ ಮುಂದಿನ ತಿಂಗಳು ನಿನ್ನ ಶಾಲೆಯಲ್ಲೇ ಅತಿಥಿ ಶಿಕ್ಷಕನ ಅರ್ಜಿ ಹಾಕುತ್ತೇನೆ. ಗಣಿತ ಮಾತ್ರ ಕೊಡಬೇಡ. ಮತ್ತೆ, ಗೋಡೆಗೆ ಬಳಿಸಿದೆ ಅಂತ ಫೋಟೋ ಕಳಿಸಿದ್ದೀಯಲ್ಲ ಆ ಗಿಳಿಹಸಿರು ಬಣ್ಣ, ಅದು ಯಾವ ಸಮೀಕ್ಷೆಯ ಯಾವ ಅಗತ್ಯಕ್ಕೆ? ಬಿಲ್ಲು ಕಳಿಸು. ಮೂರು ಕೊಟೇಶನ್ ಸಮೇತ.

ನಿನ್ನ,
ಈಜುಕೊಳದವನು