ಹಾರ್ಮೋನಿಯಂನಿಂದ ಶುರುಮಾಡು

ಹಾರ್ಲೆಮ್, ನೆದರ್ಲ್ಯಾಂಡ್ಸ್
ನವೆಂಬರ್ 9

ಪ್ರೀತಿಯ ತಮ್ಮ,

ನಾನು ಕ್ಷೇಮ. ಅಪ್ಪ, ಅಮ್ಮ, ಅಜ್ಜಿ ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಕಾಫಿ ಕುಯ್ಲು ಶುರುವಾದರೆ ನಿನಗೆ ಪುರುಸೊತ್ತು ಸಿಗುವುದಿಲ್ಲ, ಅದಕ್ಕೇ ಈಗಲೇ ವಿವರವಾಗಿ ಬರೆಯುತ್ತಿದ್ದೇನೆ.

ನಿಮ್ಮ ಚರ್ಚಿನಲ್ಲಿ ಕಂಪ್ಯೂಟರಿನಿಂದ ನಿಜವಾದ ಪೈಪ್ ಆರ್ಗನ್‌ನ ನಾದ ತರುವುದು ಹೇಗೆ, ಕೀಬೋರ್ಡಿನ ‘ಚರ್ಚ್ ಆರ್ಗನ್’ ಏಕೆ ಪ್ಲಾಸ್ಟಿಕ್ಕಿನ ಹಾಗೆ ಕೇಳಿಸುತ್ತದೆ ಎಂದು ಕೇಳಿದ್ದೆ. ಅಂಥ ಕೀಬೋರ್ಡಿನಲ್ಲಿ ಕೆಲವೇ ಸ್ವರಗಳ ರೆಕಾರ್ಡಿಂಗ್ ಇರುತ್ತದೆ, ಉಳಿದವನ್ನು ಅದರಿಂದಲೇ ಎಳೆದು ಮಾಡಿರುತ್ತಾರೆ. ಸ್ವರವನ್ನು ಮೂರು ಕೀ ಮೇಲಕ್ಕೆ ಎಳೆದರೆ ಅದರ ಆರಂಭವೂ ಅಷ್ಟೇ ಬೇಗ ಮುಗಿಯುತ್ತದೆ, ನಾದದ ಬಣ್ಣವೂ ಬದಲಾಗುತ್ತದೆ. ನಿಜವಾದ ಆರ್ಗನ್‌ನಲ್ಲಿ ಪ್ರತಿ ಪೈಪಿಗೂ ತನ್ನದೇ ಉಸಿರು. ಗಾಳಿ ತುಟಿಗೆ ತಾಗುವಾಗಿನ ಆ ಚಿಕ್ಕ ‘ಚಫ್’ ಎರಡು ಪೈಪ್‌ಗಳಲ್ಲಿ ಒಂದೇ ತರ ಇರುವುದಿಲ್ಲ. ಅದಕ್ಕೆ ಪ್ರತಿ ಪೈಪನ್ನೂ ಬೇರೆಯಾಗಿಯೇ ಹಿಡಿಯಬೇಕು.

ಲೆಕ್ಕ ಹೀಗಿದೆ. 48 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೊದಲ್ಲಿ ಒಂದು ಸೆಕೆಂಡಿಗೆ 2,88,000 ಬೈಟ್. 12 ಸೆಕೆಂಡಿನ ಒಂದು ಸ್ವರ ಸುಮಾರು 3.5 ಎಂಬಿ. 58 ಕೀಗಳ ಒಂದು ಸ್ಟಾಪ್, ಅಂದರೆ ಒಂದೇ ಬಣ್ಣದ ಪೈಪ್‌ಗಳ ಒಂದು ಸಾಲು, 200 ಎಂಬಿ. 20 ಸ್ಟಾಪ್ ಆದರೆ 4 ಜಿಬಿ. ಇದೆಲ್ಲ ರ‍್ಯಾಮ್‌ನಲ್ಲೇ ಕೂರಬೇಕು, ಹಾಗಾಗಿ 16 ಜಿಬಿಗಿಂತ ಕಡಿಮೆ ಇರುವ ಕಂಪ್ಯೂಟರ್ ಕೊಳ್ಳಬೇಡ. ಸಾಫ್ಟ್‌ವೇರಿಗೆ ಹಣ ಹಾಕುವುದು ಬೇಡ, ಈ ರೆಕಾರ್ಡಿಂಗ್‌ಗಳನ್ನು ಕೀಗೆ ತಕ್ಕಂತೆ ನುಡಿಸುವ ಗ್ರ್ಯಾಂಡ್‌ಆರ್ಗ್ ಉಚಿತ. ಹಾಪ್ಟ್‌ವರ್ಕ್ (ಅಂಥದ್ದೇ, ಹಣ ಕೊಟ್ಟು ಕೊಳ್ಳುವ ಸಾಫ್ಟ್‌ವೇರ್) ಬೇಕೆನಿಸಿದರೆ ಮುಂದೆ ನೋಡೋಣ.

ಈಗ ಮುಖ್ಯವಾದ ಮಾತು: ಸ್ವರ ಮುಗಿಯುವ ಬಗೆ. ಇಲ್ಲಿನ ಸಂತ ಬಾವೋ ಚರ್ಚಿನಲ್ಲಿ ಕ್ರಿಸ್ಟಿಯನ್ ಮ್ಯೂಲರ್ ಕಟ್ಟಿ 1738ರಲ್ಲಿ ಮುಗಿಸಿದ ಆರ್ಗನ್ ಇದೆ. 1766ರಲ್ಲಿ ಹತ್ತು ವರ್ಷದ ಮೊಜಾರ್ಟ್ ಅದನ್ನು ನುಡಿಸಿದ್ದ. ಕೈ ಎತ್ತಿದ ಮೇಲೂ ಅದರ ನಾದ ಕಲ್ಲಿನ ಕಂಬಗಳ ನಡುವೆ ಕೆಲವು ಸೆಕೆಂಡು ಉಳಿಯುತ್ತದೆ. ಹಾಗೆ ಉಳಿಯುವ ನಾದವೇ ಸ್ವರದ ಬಾಲ. ಕೀ ಒತ್ತಿ ಹಿಡಿದರೆ ಚರ್ಚು ಪೂರ್ತಿ ತುಂಬುತ್ತದೆ, ಬಾಲ ಉದ್ದ ಮತ್ತು ದಪ್ಪ. ಮುಟ್ಟಿ ಬಿಟ್ಟರೆ ತುಂಬುವುದಕ್ಕೆ ಸಮಯವೇ ಸಿಕ್ಕಿರುವುದಿಲ್ಲ, ಬಾಲ ತೆಳು. ಸ್ಯಾಂಪಲ್‌ನಲ್ಲಿ, ಅಂದರೆ ಹೀಗೆ ಹಿಡಿದ ಒಂದೊಂದು ಸ್ವರದ ರೆಕಾರ್ಡಿಂಗ್‌ನಲ್ಲಿ, ಉದ್ದ ಸ್ವರದ ಬಾಲವೊಂದೇ ಇದ್ದರೆ ಮುಟ್ಟಿ ಬಿಟ್ಟಾಗಲೂ ಅದೇ ದಪ್ಪ ಬಾಲ ಧಡ್ ಎಂದು ಬಂದು ಬೀಳುತ್ತದೆ. ಹಾಗಾಗಿ ಪ್ರತಿ ಪೈಪಿಗೂ ಮೂರು ರೆಕಾರ್ಡಿಂಗ್ ಬೇಕು: ಮುಟ್ಟಿ ಬಿಟ್ಟದ್ದು, ಅರ್ಧ ಸೆಕೆಂಡಿನದು, ಪೂರ್ತಿ ಹಿಡಿದದ್ದು. ನೀನು ಎಷ್ಟು ಹೊತ್ತು ಒತ್ತಿದೆ ಎಂದು ನೋಡಿ ಪ್ರೋಗ್ರಾಂ ಸರಿಯಾದ ಬಾಲವನ್ನು ಆರಿಸಿಕೊಳ್ಳುತ್ತದೆ.

ಹೀಗೆ ರೆಕಾರ್ಡ್ ಮಾಡಲು ಕೈ ಪಳಗಿಸುವುದಕ್ಕೆ ನಮ್ಮ ಮನೆಯ ಹಾರ್ಮೋನಿಯಮ್ಮೇ ಸಾಕು. ಡಿಸೆಂಬರಿನಲ್ಲಿ, ಬೆಳಗಿನ ಜಾವ ಮಾಡು. ಹಗಲು ಪಲ್ಪರ್ ಸದ್ದು, ಮಳೆಗಾಲದಲ್ಲಿ ಹಂಚಿನ ಮೇಲೆ ಮಳೆ, ಫೆಬ್ರವರಿಗೆ ಅಕ್ಕಪಕ್ಕದ ತೋಟದವರೆಲ್ಲ ಸ್ಪ್ರಿಂಕ್ಲರ್ ಪಂಪು ಹಚ್ಚುತ್ತಾರೆ. ಜೀರುಂಡೆ ಕೂಗುತ್ತಿದ್ದರೆ ಅಂದು ಬಿಟ್ಟುಬಿಡು. ಅದರ ಸದ್ದು ರೀಡಿನ (ಗಾಳಿಗೆ ಕಂಪಿಸಿ ಸ್ವರ ಕೊಡುವ ಲೋಹದ ಪಟ್ಟಿಯ) ಹೊಳಪು ಇರುವ ಎತ್ತರದಲ್ಲೇ ಕೂರುತ್ತದೆ, ಒಂದನ್ನು ಕತ್ತರಿಸಿದರೆ ಇನ್ನೊಂದೂ ಹೋಗುತ್ತದೆ. ತಿದಿ ಒತ್ತಲು ಒಬ್ಬರು, ಕೀ ಒತ್ತಲು ಒಬ್ಬರು ಬೇಕು, ಅಪ್ಪನನ್ನು ಕೂರಿಸಿಕೊ. ಒಳತಿದಿ ತುಂಬಿದ ಮೇಲೆಯೇ ಕೀ ಒತ್ತು, ಇಲ್ಲದಿದ್ದರೆ ನಡುವೆ ಗಾಳಿ ಏರಿಳಿದು ಸ್ವರ ತೂಗುತ್ತದೆ. ಅತಿ ಜೋರಿನ ಸ್ವರ ಮೈನಸ್ 12 ಡೆಸಿಬೆಲ್‌ಗೆ ಬರುವಂತೆ ಗೇನ್ (ರೆಕಾರ್ಡಿಂಗ್‌ನ ಸದ್ದಿನ ಮಟ್ಟ) ಇಟ್ಟುಕೊಂಡು, ಕೊನೆಯ ಕೀವರೆಗೂ ಅದನ್ನು ಮುಟ್ಟಬೇಡ. ಆಮೇಲೆ ಒಂದೊಂದನ್ನೂ ಸಮ ಮಾಡಲು ಹೋಗಬೇಡ. ಸ್ವರಗಳ ನಡುವಿನ ಹೆಚ್ಚುಕಡಿಮೆಯೇ ಆ ವಾದ್ಯದ ಮುಖ. ಪ್ರತಿ ಕೀ 10 ಸೆಕೆಂಡು, ಬಿಟ್ಟ ಮೇಲೆ 3 ಸೆಕೆಂಡು ಯಾರೂ ಉಸಿರೆತ್ತಬಾರದು.

ಮುಂದಿನದು ಲೂಪ್, ಅಂದರೆ ಕೀ ಒತ್ತಿ ಹಿಡಿದಷ್ಟು ಹೊತ್ತೂ ಮತ್ತೆ ಮತ್ತೆ ನುಡಿಯುವ ರೆಕಾರ್ಡಿಂಗ್‌ನ ನಡುವಿನ ತುಂಡು. ಮೂರನೇ ಸೆಕೆಂಡಿನಿಂದ ಎಂಟನೆಯದರ ಒಳಗೆ, ಅಲೆ ಸೊನ್ನೆಯ ಗೆರೆಯನ್ನು ಒಂದೇ ದಿಕ್ಕಿನಲ್ಲಿ ದಾಟುವ, ಜೋರೂ ಸಮನಿರುವ ಎರಡು ಜಾಗ ಹುಡುಕು. ಲೂಪ್ ಒಂದು ಸೆಕೆಂಡಿಗಿಂತ ಚಿಕ್ಕದಾದರೆ ಸ್ವರ ಮಿಡಿಯತೊಡಗುತ್ತದೆ, ಕಿವಿ ತಕ್ಷಣ ಹಿಡಿಯುತ್ತದೆ. ಪ್ರತಿ ಸ್ವರಕ್ಕೆ ಎರಡು ಮೂರು ಲೂಪ್ ಇಡು. ಆ ಗುರುತುಗಳು ವೇವ್ ಫೈಲಿನ ಒಳಗೇ ಉಳಿಯುತ್ತವೆ, ಬಾಲ ಎಲ್ಲಿಂದ ಎಂಬ ಗುರುತೂ ಸಹ. ಯಾವ ಕೀಗೆ ಯಾವ ಫೈಲು ಎಂಬುದನ್ನು ‘ಡಾಟ್ ಆರ್ಗನ್’ ಎಂದು ಕೊನೆಯಾಗುವ ಸಾದಾ ಪಠ್ಯ ಫೈಲಿನಲ್ಲಿ ಬರೆದರೆ ಗ್ರ್ಯಾಂಡ್‌ಆರ್ಗ್ ಓದಿಕೊಳ್ಳುತ್ತದೆ.

ಹಿನ್ನೆಲೆಯ ಸದ್ದನ್ನು ಹಗುರವಾಗಿ ತಿಳಿಯಬೇಡ. ಒಂದು ಪೈಪಿನ ರೆಕಾರ್ಡಿಂಗ್‌ನಲ್ಲಿ ಬ್ಲೋವರಿನ (ಪೈಪ್‌ಗಳಿಗೆ ಗಾಳಿ ಊದುವ ಯಂತ್ರದ) ಸುಯ್ ಸದ್ದು ಕೇಳಿಸುವುದೇ ಇಲ್ಲ. ಹತ್ತು ಬೆರಳು, ಆರು ಸ್ಟಾಪ್, ಅರವತ್ತು ಸ್ಯಾಂಪಲ್ ಒಟ್ಟಿಗೆ ನುಡಿದಾಗ ಅದು ಸುಮಾರು 18 ಡೆಸಿಬೆಲ್ ಏರುತ್ತದೆ. ಬರೀ ಬ್ಲೋವರ್ ಓಡುವಾಗಿನ ಸದ್ದನ್ನು ಮೊದಲೇ ಹಿಡಿದಿಟ್ಟುಕೊಂಡು, ಅದರ ನಮೂನೆಯಿಂದ ಉಳಿದದ್ದನ್ನು ತೊಳೆಯುತ್ತಾರೆ. ಅತಿಯಾಗಿ ತೊಳೆದರೆ ‘ಚಫ್’ ಕೂಡ ಹೋಗಿ ನಾದ ನೀರಿನೊಳಗಿಂದ ಬಂದ ಹಾಗಾಗುತ್ತದೆ. ಪೈಪ್ ಆರ್ಗನ್ ಹಿಡಿಯುವವರು ಪ್ರತಿ ರಾತ್ರಿ ಚರ್ಚಿನ ಉಷ್ಣಾಂಶವನ್ನೂ ಬರೆದಿಡುತ್ತಾರೆ. ಒಂದು ಡಿಗ್ರಿಗೆ ಶ್ರುತಿ ಸುಮಾರು 3 ಸೆಂಟ್ (ಅಕ್ಕಪಕ್ಕದ ಎರಡು ಕೀಗಳ ಅಂತರದ ನೂರರಲ್ಲಿ ಮೂರು ಪಾಲು) ಸರಿಯುತ್ತದೆ. ರೀಡ್ ಪೈಪ್‌ಗಳು ಮಾತ್ರ ಅಷ್ಟು ಕದಲುವುದಿಲ್ಲ, ಎರಡೂ ಸೇರಿದರೆ ಅಪಶ್ರುತಿ.

ಕ್ರಿಸ್‌ಮಸ್‌ಗೆ ವಯಲಿನ್ ಮೇಳವೂ ಬೇಕು ಎಂದಿದ್ದೆಯಲ್ಲ, ಅದು ಇದಕ್ಕಿಂತ ಕಷ್ಟ. ಆರ್ಗನ್ ಕೀ ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಸದ್ದು ಅಷ್ಟೇ. ವಯಲಿನ್‌ಗೆ ಒಂದೇ ಸ್ವರವನ್ನು ಮೆಲುವಾಗಿ, ಮಧ್ಯಮವಾಗಿ, ಜೋರಾಗಿ ಬೇರೆ ಬೇರೆ ಹಿಡಿಯಬೇಕು. ಒಂದೊಂದನ್ನೂ ಹಲವು ಬಾರಿ ಹಿಡಿಯದಿದ್ದರೆ ಬೇಗ ಬೇಗ ನುಡಿಸಿದಾಗ ಕೋವಿ ಸಿಡಿದ ಹಾಗೆ ಒಂದೇ ಸದ್ದು. ಬೇರೆಯವರು ಹಿಡಿದಿಟ್ಟ ಸ್ಯಾಂಪಲ್‌ಗಳ ಸಿದ್ಧ ಲೈಬ್ರರಿ ಬಳಸು. ಆದರೆ 16 ವಯಲಿನ್‌ಗಳ ಸ್ಯಾಂಪಲ್‌ನಲ್ಲಿ ನಾಲ್ಕು ಸ್ವರದ ಕಾರ್ಡ್ ಒತ್ತಿದರೆ 64 ವಯಲಿನ್ ಆಗುತ್ತದೆ, ನೆನಪಿರಲಿ. ಎರಡು ವಯಲಿನ್ ಸಾಲು, ವಿಯೋಲ, ಚೆಲ್ಲೊ, ಬಾಸ್‌ಗೆ ಬೇರೆ ಬೇರೆ ಟ್ರ್ಯಾಕ್ ಮಾಡಿ ಒಂದೊಂದು ಸ್ವರ ಹಂಚು. ಸ್ವರ ನಿಂತಿರುವಷ್ಟು ಹೊತ್ತೂ ಮಾಡ್ಯುಲೇಷನ್ ವ್ಹೀಲ್ (ಸದ್ದನ್ನು ಏರಿಳಿಸಲು ಕೀಬೋರ್ಡಿನ ಪಕ್ಕದಲ್ಲಿರುವ ಚಕ್ರ) ಮೇಲಿಂದ ಬೆರಳು ತೆಗೆಯಬೇಡ.

ಸ್ಪೀಕರ್ ವಿಷಯ: 16 ಅಡಿ ಸ್ಟಾಪಿನ (ಅತಿ ಉದ್ದದ ಪೈಪ್ ಸುಮಾರು 16 ಅಡಿ ಇರುವ ಸಾಲಿನ) ಅತಿ ಕೆಳಗಿನ ಸ್ವರ ಸುಮಾರು 33 ಹರ್ಟ್ಸ್. ಭಾಷಣದ ಕಾಲಂ ಸ್ಪೀಕರಿನಲ್ಲಿ ಅದು ಬರುವುದೇ ಇಲ್ಲ, ಸಬ್‌ವೂಫರ್ ಬೇಕೇ ಬೇಕು. ನಿಮ್ಮ ಚರ್ಚಿನಲ್ಲಿ ಗುಂಯ್‌ಗುಡುವಿಕೆ ಮೊದಲೇ ಇದೆ, ಹಾಗಾಗಿ ಪೈಪಿನ ಹತ್ತಿರದಲ್ಲೇ ಹಿಡಿದ ಒಣ ಸ್ಯಾಂಪಲ್ ಹಾಕು. ಇಲ್ಲದಿದ್ದರೆ ಎರಡು ಚರ್ಚು ಒಂದರೊಳಗೊಂದು ಕೇಳಿಸುತ್ತವೆ. ಸಾಫ್ಟ್‌ವೇರಿನಲ್ಲಿ ಬಫರ್ (ಸದ್ದನ್ನು ಒಂದು ಸಲಕ್ಕೆ ಎಷ್ಟು ಕಟ್ಟಿ ಕಳಿಸಬೇಕೆಂಬ ಅಳತೆ) 256 ಇಟ್ಟರೆ ಅದರಿಂದಾಗುವ ತಡ 5 ಮಿಲಿಸೆಕೆಂಡಿನ ಸುಮಾರು ಬರುತ್ತದೆ, ಸಾಕು. ಯುಪಿಎಸ್ ಮರೆಯಬೇಡ. ಪ್ರಾರ್ಥನೆಯ ನಡುವೆ ಕರೆಂಟ್ ಹೋದರೆ ಅಷ್ಟು ಸ್ಯಾಂಪಲ್ ಮತ್ತೆ ತುಂಬಿಕೊಳ್ಳಲು ನಿಮಿಷಗಳೇ ಹಿಡಿಯುತ್ತವೆ.

ಮೊದಲು ಕೆಳಗಿನ ಐದು ಕೀ ಮಾತ್ರ ಹಿಡಿದು, ಏನನ್ನೂ ತೊಳೆಯದೆ ಹಾಗೇ ಕಳುಹಿಸು. ಲೂಪ್ ಎಲ್ಲಿ ಕೂರುತ್ತದೆ ಎಂದು ಗುರುತು ಹಾಕಿ ವಾಪಸ್ ಕಳಿಸುತ್ತೇನೆ.

ಇಂತಿ ನಿನ್ನ
ಅಕ್ಕ