ಪಂಪ್ ಮೈಮೇಲೆ ಇದ್ದರೂ ಕೋಣೆ ಬೇಕೇ ಬೇಕು

ಮಾನ್ಯ ಸಂಪಾದಕರೇ,

ಬ್ರಾ ಒಳಗೇ ಇಟ್ಟುಕೊಳ್ಳುವ ಬ್ರೆಸ್ಟ್ ಪಂಪ್‌ಗಳ ಜಾಹೀರಾತು ಈಗ ಮೊಬೈಲ್ ತೆಗೆದರೆ ಸಾಕು, ಕಾಣುತ್ತದೆ. ವೈರ್ ಇಲ್ಲ, ಪೈಪ್ ಇಲ್ಲ, ಸದ್ದಿಲ್ಲ, ಕೆಲಸ ಮಾಡ್ತಾನೇ ಹಾಲು ತೆಗೀಬಹುದು ಅಂತ. ಬಳ್ಳಾರಿಯಲ್ಲಿ ರಜೆ ಮುಗಿಸಿ ಕೆಲಸಕ್ಕೆ ಹೊರಟ ನನ್ನಂಥ ತಾಯಂದಿರು ಇದನ್ನು ತರಿಸಿಕೊಳ್ಳುತ್ತಿದ್ದೇವೆ. ನಾನು ಬಳಸುತ್ತಿದ್ದೇನೆ, ಬೇಡ ಅನ್ನುವುದಿಲ್ಲ. ಆದರೆ ಕೊಳ್ಳುವ ಮುಂಚೆ ಯಾರೂ ಹೇಳದ ಕೆಲವು ಮಾತುಗಳಿವೆ.

ಮೊದಲನೆಯದು ಬಟ್ಟೆ. ಜಾಹೀರಾತಿನ ಹುಡುಗಿ ಹಾಕಿರುವುದು ಸಡಿಲವಾದ ಟೀ ಶರ್ಟ್. ನಮ್ಮ ಟೀಚರುಗಳು, ಬ್ಯಾಂಕಿನವರು ಉಡುವುದು ಸೀರೆ, ಮೈಗೆ ಸರಿಯಾಗಿ ಹೊಲಿಸಿದ ಬ್ಲೌಸು. ಅದರೊಳಗೆ ಎದೆಗೆ ಕೂತು ಹಾಲು ತುಂಬಿಕೊಳ್ಳುವ ಪಂಪಿನ ಆ ಕಪ್ ಎಲ್ಲಿ ಕೂರಬೇಕು ಹೇಳಿ? ಹುಕ್ಕು ಹಾಕಿದರೆ ಕಪ್ ಒತ್ತುತ್ತದೆ, ಒತ್ತಿದ ಕಡೆ ಹಾಲು ಕಟ್ಟಿ ಗಂಟಾಗಬಹುದು. ಬಿಚ್ಚಿಬಿಟ್ಟರೆ ಕಪ್ ಜಾರಿ, ಸಂದಿಯಲ್ಲಿ ಗಾಳಿ ನುಗ್ಗಿ, ಎಳೆಯುವುದೇ ನಿಲ್ಲುತ್ತದೆ. ಚೂಡಿದಾರ್, ಮೇಲೊಂದು ದುಪಟ್ಟಾ, ಒಳಗೆ ಹಾಲುಣಿಸುವ ಬ್ರಾ ಇದ್ದರೆ ಪರವಾಗಿಲ್ಲ. ಆದರೂ ಬಗ್ಗಿ ಏನಾದರೂ ಎತ್ತಿಕೊಳ್ಳಲು ಹೋದಿರೋ, ಎಷ್ಟೋ ಪಂಪ್‌ಗಳಲ್ಲಿ ಹಾಲು ಚೆಲ್ಲಿ ಬಟ್ಟೆಯೆಲ್ಲಾ ಒದ್ದೆ.

ಬೆಲೆ 2 ಸಾವಿರದಿಂದ ಶುರುವಾಗಿ 20 ಸಾವಿರದ ಮೇಲೂ ಹೋಗುತ್ತದೆ. ಡಬ್ಬಿಯ ಮೇಲೆ ಎಳೆತದ ದೊಡ್ಡ ದೊಡ್ಡ ಅಂಕಿ ಬರೆದಿರುತ್ತಾರೆ, ಅದಕ್ಕೆ ಮರುಳಾಗಬೇಡಿ. ನೋವಾಗುವಷ್ಟು ಜೋರಾಗಿ ಇಟ್ಟರೆ ಹಾಲು ಇಳಿಯುವುದು ಕಡಿಮೆಯಾಗುತ್ತದೆಯೇ ಹೊರತು ಹೆಚ್ಚಾಗುವುದಿಲ್ಲ. ನೋಡಬೇಕಾದದ್ದು ಫ್ಲೇಂಜ್, ಅಂದರೆ ಎದೆಗೆ ಕೂರುವ ಆ ಕೊಳವೆಯ ಅಳತೆ. ಸಾಮಾನ್ಯವಾಗಿ ಡಬ್ಬಿಯಲ್ಲಿ ಬರುವುದು 24 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡದು. ಎಲ್ಲರಿಗೂ ಅದೇ ಹೊಂದಬೇಕಲ್ವಾ? ಹೊಂದುವುದಿಲ್ಲ. ಮನೆಯಲ್ಲೇ ಸ್ಕೇಲ್ ಇಟ್ಟು ತೊಟ್ಟಿನ ಅಗಲ ಅಳೆಯಿರಿ. ಕೊಳವೆಯೊಳಗೆ ಕೂರಿಸುವ ಚಿಕ್ಕ ಅಳತೆಯ ಇನ್ಸರ್ಟ್ ಸಿಗುತ್ತದೆಯೇ, ಬಿಳಿ ರಬ್ಬರಿನ ವಾಲ್ವ್ ಬಿಡಿಯಾಗಿ ಸಿಗುತ್ತದೆಯೇ ಅಂತ ಆರ್ಡರ್ ಮಾಡುವ ಮೊದಲೇ ಕೇಳಿ. ವಾಲ್ವ್ ಸಡಿಲವಾದರೆ ಎಂಥ ಪಂಪೂ ಸುಮ್ನೆ ಗುಂಯ್‌ಗುಟ್ಟುತ್ತದೆ ಅಷ್ಟೇ. ತೆರೆದ ಪಂಪನ್ನು ಸ್ವಚ್ಛತೆಯ ಕಾರಣ ಕೊಟ್ಟು ವಾಪಸ್ ತಗೊಳ್ಳದ ಮಾರಾಟಗಾರರೇ ಜಾಸ್ತಿ. ಅಕ್ಕ ಬಳಸಿದ್ದನ್ನು ತಂಗಿಗೆ ದಾಟಿಸುವುದೂ ಬೇಡ, ಕೆಲವದರಲ್ಲಿ ಹಾಲಿನ ಪಸೆ ಮೋಟಾರಿನೊಳಗೇ ಹೋಗಿ ಕೂತಿರುತ್ತದೆ, ತೊಳೆಯಲು ಬರುವುದಿಲ್ಲ.

ಹೆರಿಗೆಯಾದ ಮೊದಲ ವಾರಗಳಲ್ಲೇ, ಹಾಲು ಇನ್ನೂ ಸರಿಯಾಗಿ ಬರಲು ಶುರುವಾಗುತ್ತಿರುವಾಗಲೇ, ಇದೊಂದನ್ನೇ ನಂಬಿಕೊಳ್ಳುವುದು ಸರಿಯಲ್ಲ. ಮಗು ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಇದ್ದರಂತೂ ಎರಡೂ ಕಡೆ ಒಟ್ಟಿಗೆ ತೆಗೆಯುವ ಆಸ್ಪತ್ರೆಯ ದೊಡ್ಡ ಪಂಪೇ ಬೇಕು. ಕೈಯಿಂದ ಹಿಂಡಿ ತೆಗೆಯುವುದನ್ನು ನರ್ಸ್ ಹತ್ತಿರ ಕಲಿತುಕೊಳ್ಳಿ, ಕರೆಂಟು ಚಾರ್ಜು ಏನೂ ಬೇಡ. ಪಂಪಿನಲ್ಲಿ ಕಡಿಮೆ ಬಂತು ಅಂತ ಎದೆಯಲ್ಲಿ ಹಾಲೇ ಇಲ್ಲ ಅಂದುಕೊಳ್ಳಬೇಡಿ, ಮಗು ಎಳೆದಷ್ಟು ಪಂಪ್ ಎಳೆಯುವುದಿಲ್ಲ.

ಇನ್ನು ನಮ್ಮೂರ ಬಿಸಿಲು. ತೆಗೆದ ಹಾಲು 25 ಡಿಗ್ರಿವರೆಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ ಅನ್ನುವುದು ವೈದ್ಯರ ಲೆಕ್ಕ. ಬಳ್ಳಾರಿಯ ಏಪ್ರಿಲ್‌ನಲ್ಲಿ 25 ಡಿಗ್ರಿ ಬೆಳಗಿನ ಜಾವಕ್ಕೂ ಕಷ್ಟ, ಮಧ್ಯಾಹ್ನ 40ರ ಆಸುಪಾಸು ಇರುತ್ತದೆ. ಅದರ ಮೇಲೆ ಪಂಪಿನ ಕಪ್ ಮೈಗೆ ಅಂಟಿಕೊಂಡೇ ಇರುತ್ತದೆ, ಹಾಲೂ ಬೆಚ್ಚಗೇ ಇರುತ್ತದೆ. ತೆಗೆದ ತಕ್ಷಣ ಬೇರೆ ಡಬ್ಬಿಗೆ ಸುರಿದು ಫ್ರಿಜ್ಜಿಗೋ, ಐಸ್ ಪ್ಯಾಕ್ ಇರುವ ಬ್ಯಾಗಿಗೋ ಸೇರಿಸಬೇಕು. ಮನೆಗೆ ತಂದ ಮೇಲೆ ಮೇಲ್ಗಡೆ ಕೆನೆ ಕಟ್ಟಿದ್ದು ನೋಡಿ ಅತ್ತೆಯೋ ಅಮ್ಮನೋ ಹಾಲು ಒಡೆದಿದೆ ಅಂತ ಚೆಲ್ಲಿಬಿಡುತ್ತಾರೆ. ಒಡೆದಿರುವುದಿಲ್ಲ, ಮೆಲ್ಲಗೆ ಅಲ್ಲಾಡಿಸಿದರೆ ಬೆರೆಯುತ್ತದೆ. ಕುಡಿಸಲು ಬಾಟಲಿಯೇ ಬೇಕೆಂದಿಲ್ಲ, ಒಳಲೆ ಸಾಕು.

ನಾನು ಈ ಪತ್ರ ಬರೆಯಲು ಕೂತದ್ದು ಬೇರೊಂದು ಸಿಟ್ಟಿಗೆ. ಕೆಲಸದ ಜಾಗದಲ್ಲಿ ಒಂದು ಕೋಣೆ ಕೇಳಿದರೆ, "ಈಗ ಕೂತಲ್ಲೇ ಆಗೋ ಮಿಷನ್ ಬಂದಿದೆಯಂತಲ್ಲ ಮೇಡಂ, ಕೋಣೆ ಯಾಕೆ?" ಅನ್ನುವವರು ಹುಟ್ಟಿಕೊಂಡಿದ್ದಾರೆ. ಸ್ವಾಮಿ, ಅದನ್ನು ಹಾಕಿಕೊಳ್ಳಲು ಬಟ್ಟೆ ಸರಿಸಬೇಕು. ತೆಗೆಯುವಾಗ ಮತ್ತೆ ಸರಿಸಬೇಕು. ಹಾಲು ಸುರಿಯಬೇಕು, ಐದಾರು ಬಿಡಿಭಾಗ ಸೋಪು ಹಾಕಿ ತೊಳೆಯಬೇಕು. ಇದೆಲ್ಲಾ ಶೌಚಾಲಯದಲ್ಲಿ ನಿಂತು ಮಾಡಬೇಕಾ? ನೀವು ಅಲ್ಲಿ ಊಟದ ಡಬ್ಬಿ ತೆರೆಯುತ್ತೀರಾ?

ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲುಣಿಸುವ ಬಿಡುವು ಕೊಡಬೇಕು ಅನ್ನುವುದು 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಇತ್ತು. 2017ರ ತಿದ್ದುಪಡಿಯಲ್ಲಿ 26 ವಾರಗಳ ರಜೆ ಬಂತು, 50 ಅಥವಾ ಹೆಚ್ಚು ಜನ ಇರುವ ಕಡೆ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು. ಹಾಲು ತೆಗೆಯಲು ಕೋಣೆ ಕೊಡಿ ಅನ್ನುವ ಮಾತು ಅಲ್ಲಿಲ್ಲ. ನಮ್ಮಲ್ಲಿ ಜೀನ್ಸ್ ಹೊಲಿಯುವ ಎಷ್ಟೋ ಘಟಕಗಳಲ್ಲಿ 50 ಜನರೂ ಇರುವುದಿಲ್ಲ, ಹಾಗಾಗಿ ಅಲ್ಲಿನ ತಾಯಂದಿರಿಗೆ ಶಿಶುಪಾಲನಾ ಕೇಂದ್ರವೂ ಇಲ್ಲ, 20 ಸಾವಿರದ ಪಂಪೂ ಇಲ್ಲ. ಅವರಿಗೆ ಒಂದು ಮೂಲೆ, ಒಂದು ಪರದೆ ಸಿಕ್ಕರೂ ಕೈಯಲ್ಲೇ ಹಿಂಡಿ ತೆಗೆಯಬಹುದು.

ಜಿಲ್ಲಾಡಳಿತ, ಕಾರ್ಮಿಕ ಇಲಾಖೆಯವರು ಇದನ್ನು ಓದುತ್ತಿದ್ದರೆ ನಮ್ಮ ಬೇಡಿಕೆ ಇಷ್ಟು: ಒಳಗಿನಿಂದ ಚಿಲಕ ಇರುವ ಬಾಗಿಲು, ಒಂದು ಕುರ್ಚಿ, ಒಂದು ಪ್ಲಗ್ಗು, ಒಂದು ನಲ್ಲಿ, ಫ್ರಿಜ್ಜಿನಲ್ಲಿ ಒಂದು ಖಾನೆ. ಹೊಸ ಕಟ್ಟಡ ಯಾರೂ ಕೇಳುತ್ತಿಲ್ಲ. ಹಳೆ ಫೈಲು, ಮುರಿದ ಕುರ್ಚಿ ತುಂಬಿಟ್ಟ ಕೋಣೆ ಪ್ರತಿ ಕಚೇರಿಯಲ್ಲೂ ಒಂದು ಇದ್ದೇ ಇರುತ್ತದೆ, ಅದನ್ನು ಖಾಲಿ ಮಾಡಿಸಿ ಕೊಡಿ.

– ಕೆಲಸಕ್ಕೆ ಹೋಗುವ ಒಬ್ಬ ತಾಯಿ, ಬಳ್ಳಾರಿ